‘ಬರಬಹುದು’ ಎನ್ನುವುದರ ಲೆಕ್ಕ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)

 

ಬೆಳಿಗ್ಗೆ ಬಸ್ಸಿಳಿದಾಗ ಹೋಟೆಲಿನ ಹತ್ತಿರ ತಾತ ಒಬ್ಬರು, “ಹವಾಮಾನ ಕಚೇರಿಯವನಲ್ವೇನಪ್ಪ ನೀನು? ಸಂಜೆಗೆ ಮಳೆ ಬತ್ತದಾ?” ಎಂದರು. “ಬರಬಹುದು ತಾತ” ಅಂದೆ. “ಇಷ್ಟು ಹೇಳೋಕೆ ಅಷ್ಟು ಓದಬೇಕಿತ್ತಾ?” ಎಂದು ನಕ್ಕರು. ಆ ‘ಬರಬಹುದು’ ಎಲ್ಲಿಂದ ಬರುತ್ತದೆ ಎಂಬುದನ್ನೇ ಹೇಳುತ್ತೇನೆ.

ಬೆಳಗಿನ 5.30ರ ವೀಕ್ಷಣೆಗಾಗಿ ಬೆಂಗಳೂರಿನಲ್ಲಿ ಬಲೂನು ಹಾರಿಸುತ್ತಾರೆ. ಅದಕ್ಕೆ ಕಟ್ಟಿದ ಪುಟ್ಟ ಉಪಕರಣ ಮೇಲೇರುತ್ತಾ ಉಷ್ಣಾಂಶ, ತೇವಾಂಶ, ಗಾಳಿಯ ವಿವರ ಕಳಿಸುತ್ತದೆ. ನೆಲದ ಹತ್ತಿರ ತೇವ ಇದೆಯೇ, ಮೇಲಿನ ಗಾಳಿ ಸಾಕಷ್ಟು ತಣ್ಣಗಿದೆಯೇ, ಕೆಳಗಿನ ಗಾಳಿಯನ್ನು ಮೇಲೆತ್ತಲು ಏನಾದರೂ ಇದೆಯೇ ಎಂದು ನಾವು ನೋಡುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ವಿದರ್ಭದಿಂದ ನಮ್ಮ ಒಳನಾಡಿನ ಮೇಲೆ ತಮಿಳುನಾಡಿನವರೆಗೆ ಬೇರೆ ಬೇರೆ ದಿಕ್ಕಿನ ಗಾಳಿಗಳು ಸಂಧಿಸುವ ಗೆರೆಯೊಂದು ಎಷ್ಟೋ ದಿನ ಕಾಣುತ್ತದೆ. ಎತ್ತುವ ಕೆಲಸ ಅಲ್ಲಿ ಆಗುತ್ತದೆ.

ಕೆಲವು ದಿನ ಮೇಲೊಂದು ಬೆಚ್ಚನೆಯ ಪದರ ಮುಚ್ಚಳದ ಹಾಗೆ ಕೂತಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅದು ಒಡೆಯಿತೋ, ಮೋಡ ಗೋಪುರದಂತೆ ಎದ್ದುಬಿಡುತ್ತದೆ. ಒಡೆಯದಿದ್ದರೆ ಬರೀ ಸೆಕೆ, ಬೈಗುಳ ನಮಗೆ. ಒಂದು ಗುಡುಗು ಮೋಡದ ಅಗಲ ಕೆಲವೇ ಕಿಲೋಮೀಟರ್, ಆಯಸ್ಸು ಸುಮಾರು ಒಂದು ಗಂಟೆ. ಆದ್ದರಿಂದ ಬೆಳಿಗ್ಗೆಯೇ ಜಿಲ್ಲೆ ಹೇಳಬಲ್ಲೆವು, ಹೊಲ ಹೇಳಲಾರೆವು. ಮೋಡ ಎದ್ದ ಮೇಲೆ ರಾಡಾರ್ ನೋಡಿ ಹೇಳುವುದು ಮುಂದಿನ ಎರಡು ಮೂರು ಗಂಟೆಯ ಮಾತು.

ನಮ್ಮ ತರಗತಿಯಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದವನನ್ನು ನೀವೆಲ್ಲ ಬಲ್ಲಿರಿ. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆ, ಕೃತ್ತಿಕಾ ಮಳೆಯ ದಿನಗಳು. ಕುರಿ ಹೊಡೆದುಕೊಂಡು ಹೋದವನು ನಾಲ್ಕು ಹನಿ ಬಿತ್ತೆಂದು ಹುಣಸೆಮರದ ಕೆಳಗೆ ನಿಂತ. ಊರಲ್ಲಿ ಅಂದು ಮಳೆಯೇ ಬಂದಿರಲಿಲ್ಲ. ಮುನ್ಸೂಚನೆ ಬರೆಯುವಾಗ ನನಗೆ ಆ ಮರ ನೆನಪಾಗುತ್ತದೆ.

ಮಿಂಚಿದ ಮೇಲೆ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗೇ ಇದೆ. ಮರದ ಕೆಳಗೆ ನಿಲ್ಲದೆ ಗಟ್ಟಿ ಕಟ್ಟಡ ಸೇರಿಕೊಳ್ಳಿ. ಕೊನೆಯ ಗುಡುಗಾಗಿ ಅರ್ಧ ಗಂಟೆ ಹೊರಬರಬೇಡಿ. ಪುಣೆಯ ವಿಜ್ಞಾನಿಗಳು ಮಾಡಿದ ‘ದಾಮಿನಿ’ ಆ್ಯಪ್ ಹತ್ತಿರದಲ್ಲಿ ಸಿಡಿಲಿದ್ದರೆ ಎಚ್ಚರಿಸುತ್ತದೆ. ಕುರಿ ಮೇಯಿಸುವವರ ಫೋನಿಗೆ ಅದನ್ನು ಹಾಕಿಕೊಡುವ ಕೆಲಸ ಹತ್ತನೇ ತರಗತಿಯ ಮಕ್ಕಳದು, ಇವತ್ತೇ.

ತಾತ, ಪಡುವಣದಲ್ಲಿ ಮೋಡ ಕಟ್ಟುತ್ತಿದೆ. ಗುಡುಗು ಕೇಳಿಸಿದ ಕೂಡಲೇ ಶಾಮಿಯಾನ ಬಿಟ್ಟು ಊಟದ ಪಂಕ್ತಿಯನ್ನು ಶಾಲೆಯ ಕೊಠಡಿಗಳಿಗೆ ಸಾಗಿಸುವುದೆಂದು ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿಕೊಂಡಿದ್ದೇನೆ.