ಘಟ್ಟ ಹತ್ತುವ ಗಾಳಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದಿಂದ ಬೀಸುವ ನೈಋತ್ಯ ಮಾರುತಕ್ಕೆ ಪಶ್ಚಿಮ ಘಟ್ಟ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ. ಹಾಗಾಗಿ ಅದು ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ಒಂದು ಕಿಲೋಮೀಟರ್ ಏರಿದರೆ ಒಣ ಗಾಳಿಯ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ತಣಿದ ಗಾಳಿಯಲ್ಲಿ ಆವಿಯೆಲ್ಲ ಆವಿಯಾಗಿಯೇ ಉಳಿಯಲಾರದು. ಧೂಳು, ಸಮುದ್ರದ ಉಪ್ಪಿನ ಕಣಗಳ ಸುತ್ತ ಹನಿಗಟ್ಟಿ ಮೋಡವಾಗುತ್ತದೆ. ಕಣ್ಣಿಗೆ ಕಾಣದ ಈ ಕಣಗಳಿಲ್ಲದೆ ಮೋಡ ಕಟ್ಟುವುದೇ ಕಷ್ಟ. ಮಳೆಯ ಮಾತು ಬಂದಾಗ ಇವನ್ನು ನೆನೆಯುವವರು ಕಡಿಮೆ, ನೆನೆಯಲೇಬೇಕು. ಹನಿಗಳು ಕೂಡಿ ದಪ್ಪವಾದಾಗ ಸುರಿಯುತ್ತವೆ. ಘಟ್ಟದ ಮೇಲಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವುದು ಹೀಗೆ. ಘಟ್ಟ ದಾಟಿ ಇಳಿಯುವ ಗಾಳಿ ಕುಗ್ಗಿ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ಹಾಗಾಗಿ ಘಟ್ಟದ ಪೂರ್ವಕ್ಕಿರುವ ಚಳ್ಳಕೆರೆಯ ಶೇಂಗಾ ಹೊಲಗಳಿಗೆ ವರ್ಷವಿಡೀ ಸಿಗುವ ಮಳೆ ಆಗುಂಬೆಯ ಹತ್ತನೇ ಒಂದು ಪಾಲೂ ಇಲ್ಲ.