ನಿವೃತ್ತಿಗೆ ಒಂದು ಗೆರೆ



ಅರವತ್ತಕ್ಕೆ ಅರಳುಮರಳು ಎಂಬುದು ನಮ್ಮ ಜನರ ಗಾದೆ. ಅನೇಕ ವೃತ್ತಿಗಳಲ್ಲಿ ಈ ಗಾದೆಗೆ ಶಾಸನದ ಬಲವೇ ಬಂದಂತಿದೆ. ನಿನ್ನೆಯ ಸಂಜೆಯವರೆಗೆ ಸಮರ್ಥನೆನಿಸಿದ್ದವನು ಹುಟ್ಟಿದ ದಿನ ಬಂದೊಡನೆಯೇ ಅಸಮರ್ಥನಾಗುವನೇ? ಹೆಚ್ಚಿನ ಎಚ್ಚರವನ್ನೂ ವಿವೇಕವನ್ನೂ ಬೇಡುವ ಕೆಲಸಗಳಲ್ಲಿ ಇಂಥ ಕಟ್ಟಳೆ ಯುಕ್ತವೇ ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಈ ಸಂಖ್ಯೆಗಳು ಸ್ಥಿರವಾದುವಲ್ಲ. ಬಿಸ್ಮಾರ್ಕನ ಕಾಲದಲ್ಲಿ, ೧೮೮೯ರಲ್ಲಿ, ಜರ್ಮನಿಯ ವೃದ್ಧಾಪ್ಯವೇತನಕ್ಕೆ ಗೊತ್ತುಮಾಡಿದ ವಯಸ್ಸು ೭೦. ೧೯೧೬ರಲ್ಲಿ ಅದು ೬೫ಕ್ಕೆ ಇಳಿಯಿತು. ಅಮೆರಿಕದ ವಿಮಾನ ಸಂಸ್ಥೆಗಳ ಚಾಲಕರಿಗೆ ೧೯೬೦ರಿಂದ ಇದ್ದ ೬೦ರ ಮಿತಿ ೨೦೦೭ರಲ್ಲಿ ೬೫ಕ್ಕೆ ಏರಿತು. ನಮ್ಮ ಹೈಕೋರ್ಟಿನ ನ್ಯಾಯಾಧೀಶರ ಮಿತಿಯು ೧೯೬೩ರಲ್ಲಿ ೬೦ರಿಂದ ೬೨ಕ್ಕೆ ಹೋಯಿತು. ಸುಪ್ರೀಂ ಕೋರ್ಟಿನವರಿಗೆ ೬೫. ಒಂದು ನ್ಯಾಯಾಲಯದಲ್ಲಿ ಮನುಷ್ಯನ ಬುದ್ಧಿ ಮೂರು ವರ್ಷ ಹೆಚ್ಚಾಗಿ ಬಾಳುವುದೆಂದು ಯಾವ ವೈದ್ಯನೂ ಹೇಳಲಾರನು.

ಗೆರೆಯಾಚೆಗೂ ಶಕ್ತಿ ಉಳಿದಿರುವುದಕ್ಕೆ ಬೆಂಗಳೂರೇ ಸಾಕ್ಷಿ. ಸರ್ ಸಿ. ವಿ. ರಾಮನ್ ಅವರು ೧೯೪೮ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಿಂದ ನಿವೃತ್ತರಾದರು. ಆ ವರ್ಷವೇ ಹುಟ್ಟಿದ ತಮ್ಮ ಸಂಶೋಧನಾಲಯದಲ್ಲಿ ವಜ್ರ, ಹೂವಿನ ಬಣ್ಣ, ಕಣ್ಣಿನ ದೃಷ್ಟಿ ಇವುಗಳನ್ನು ಕುರಿತು ಶೋಧಿಸುತ್ತ, ೧೯೭೦ರಲ್ಲಿ ತೀರಿಕೊಳ್ಳುವವರೆಗೂ ದುಡಿದರು.

ಹಾಗಾದರೆ ಗೆರೆಯನ್ನು ಅಳಿಸಿ, ಒಬ್ಬೊಬ್ಬರನ್ನೇ ಪರೀಕ್ಷಿಸಬಾರದೇಕೆ? ವಿಮಾನಚಾಲಕನ ಕಣ್ಣನ್ನೂ ಹೃದಯವನ್ನೂ ಪರೀಕ್ಷಿಸಬಹುದು. ನ್ಯಾಯಾಧೀಶನ ವಿವೇಕವನ್ನು ಅಳೆಯುವವರಾರು? ಸರ್ಕಾರವೇ ಅಳೆಯುವುದಾದರೆ, ಸರ್ಕಾರದ ಮೇಲೆ ತೀರ್ಪು ಕೊಡಬೇಕಾದವನು ಅದರ ಮುಖವನ್ನೇ ನೋಡುತ್ತ ಕುಳಿತಾನು. ಗೆರೆಗೆ ಕಣ್ಣಿಲ್ಲ, ನಿಜ. ಅದಕ್ಕೆ ದಾಕ್ಷಿಣ್ಯವೂ ಇಲ್ಲ.

ಇನ್ನೊಂದು ತೊಡಕುಂಟು. ಶಕ್ತಿಯು ಕುಂದುವುದು ಕುಂದಿದವನಿಗೇ ಕಡೆಯಲ್ಲಿ ತಿಳಿಯುತ್ತದೆ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ವಯಸ್ಸಿನ ಮಿತಿಯಿಲ್ಲ. ಅಲ್ಲಿ ಮಹಾಮೇಧಾವಿಯಾದ ಹೋಮ್ಸ್ ೧೯೩೨ರಲ್ಲಿ, ೯೦ರ ವಯಸ್ಸಿನಲ್ಲಿ, ಸಹೋದ್ಯೋಗಿಗಳ ಪರವಾಗಿ ಮುಖ್ಯ ನ್ಯಾಯಾಧೀಶ ಹ್ಯೂಸ್ ಬಂದು ಸೂಚಿಸಿದ ಮೇಲೆಯೇ ಪೀಠವನ್ನು ಬಿಟ್ಟರು. ಅಂಥ ಮಾತನ್ನು ಆಡಲು ಧೈರ್ಯ ಬೇಕು. ಹಿರಿಯ ಶಸ್ತ್ರವೈದ್ಯನ ಕೈ ನಡುಗುವುದನ್ನು ಕಂಡ ಶಿಷ್ಯನು ಗೌರವದಿಂದ ಸುಮ್ಮನಿದ್ದರೆ, ಆ ಗೌರವದ ಬೆಲೆಯನ್ನು ತೆರುವವನು ಮೇಜಿನ ಮೇಲೆ ಮಲಗಿದ ರೋಗಿ.

ಆದಕಾರಣ ನನಗೆ ತೋರುವುದಿಷ್ಟು. ಪರರ ಪ್ರಾಣವಾಗಲಿ ಸ್ವಾತಂತ್ರ್ಯವಾಗಲಿ ಎಲ್ಲಿ ಒಬ್ಬನ ಕೈಯನ್ನು ನೆಚ್ಚಿಕೊಂಡಿರುವುದೋ ಅಲ್ಲಿ ಗೆರೆ ಇರಲಿ. ಕಾಲಕಾಲಕ್ಕೆ ಅದನ್ನು ಪರಿಶೀಲಿಸಿ ತಿದ್ದಲಿ. ಅದು ಅಧಿಕಾರವನ್ನು ಮಾತ್ರ ತೆಗೆದುಕೊಳ್ಳಲಿ, ಮನುಷ್ಯನನ್ನು ಮೂಲೆಗೆ ತಳ್ಳದಿರಲಿ. ಕತ್ತಿಯನ್ನು ಕೆಳಗಿಟ್ಟ ವೈದ್ಯನು ಕಿರಿಯರಿಗೆ ಕಲಿಸಬಲ್ಲನು. ಪೀಠದಿಂದಿಳಿದ ನ್ಯಾಯಾಧೀಶನು ಗ್ರಂಥ ಬರೆಯಬಲ್ಲನು. ಅವರಿಗಾಗಿ ಒಂದು ಬಾಗಿಲನ್ನು ತೆರೆದಿಡುವುದು ಸಂಸ್ಥೆಗಳ ಕರ್ತವ್ಯ.

ನನ್ನ ವೃತ್ತಿಯ ಮಾತೇ ಬೇರೆ. ಒಂದೇ ಟಿಪ್ಪಣಿಯನ್ನು ವರ್ಷವರ್ಷವೂ ಓದಿ ಹೇಳುವ ಉಪನ್ಯಾಸಕನಿಗೆ ಅರಳುಮರಳು ಅರವತ್ತನ್ನು ಕಾಯುವುದಿಲ್ಲ, ನಲವತ್ತಕ್ಕೇ ಬಂದುಬಿಡುತ್ತದೆ. ಅದನ್ನು ಹಿಡಿಯುವ ಶಾಸನವನ್ನು ಯಾರೂ ಇನ್ನೂ ಮಾಡಿಲ್ಲ.