ಲ್ಯಾಪ್‌ಟಾಪಿಗೆ ತಕ್ಕ ಚಾರ್ಜರ್

ಲ್ಯಾಪ್‌ಟಾಪ್ ಇನ್ನೂ ಚೆನ್ನಾಗಿರುವಾಗಲೇ ಅದರ ಚಾರ್ಜರ್ ಕೆಡುವುದು ಅಪರೂಪವೇನಲ್ಲ. ಆಗ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ, ಚೆನ್ನೈನ ರಿಚಿ ಸ್ಟ್ರೀಟಿನಲ್ಲೋ, ದೆಹಲಿಯ ನೆಹರೂ ಪ್ಲೇಸಿನಲ್ಲೋ ಬದಲಿ ಚಾರ್ಜರ್ ಹುಡುಕುವ ಗ್ರಾಹಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಪಿನ್ ಹೊಂದುತ್ತದೆಯೇ? ಪಿನ್ ಹೊಂದಿದ ಮಾತ್ರಕ್ಕೆ ಚಾರ್ಜರ್ ಹೊಂದಿತೆಂದು ಭಾವಿಸಲಾಗದು. ನೋಡಲು ಒಂದೇ ಬಗೆಯಾದ ಪಿನ್ನುಗಳಲ್ಲಿ ಬೇರೆ ಬೇರೆ ವೋಲ್ಟೇಜ್ ಹರಿಯಬಹುದು. ಕೆಲವು ನೂರು ರೂಪಾಯಿಗಳ ಉಳಿತಾಯಕ್ಕಾಗಿ ಹಲವು ಸಾವಿರ ರೂಪಾಯಿಗಳ ಯಂತ್ರವನ್ನು ಕೆಡಿಸಿಕೊಂಡವರುಂಟು.

ಮನೆಯ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ತಗ್ಗಿಸಿ, ಸಾಮಾನ್ಯವಾಗಿ 19 ಅಥವಾ 20 ವೋಲ್ಟಿನಷ್ಟು ಏಕಮುಖ ವಿದ್ಯುತ್ತಾಗಿ ಮಾರ್ಪಡಿಸುವುದು ಚಾರ್ಜರಿನ ಕೆಲಸ. ಅದರ ಮೈಮೇಲಿನ ಚೀಟಿಯಲ್ಲಿ ‘ಇನ್‌ಪುಟ್’, ‘ಔಟ್‌ಪುಟ್’ ಎಂಬ ಎರಡು ಸಾಲುಗಳಿರುತ್ತವೆ. ಓದಬೇಕಾದುದು ಎರಡನೆಯದನ್ನು. ಅಲ್ಲಿನ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್ ದೊರೆಯುತ್ತದೆ. 20 ವೋಲ್ಟ್, 3.25 ಆಂಪಿಯರ್ ಎಂದಿದ್ದರೆ ಅದು 65 ವಾಟಿನ ಚಾರ್ಜರ್, 19.5 ವೋಲ್ಟ್, 2.31 ಆಂಪಿಯರ್ ಎಂದಿದ್ದರೆ ಸುಮಾರು 45 ವಾಟ್. ಲ್ಯಾಪ್‌ಟಾಪಿಗೆ ಎಷ್ಟು ಬೇಕೆಂಬುದನ್ನು ಅದರ ತಳಭಾಗದಲ್ಲಿ ಅಥವಾ ಮೂಲ ಚಾರ್ಜರಿನ ಮೇಲೆ ನೋಡಬಹುದು.

ಉರುಟು ಪಿನ್ನಿನ ಚಾರ್ಜರಿನಲ್ಲಿ ವೋಲ್ಟೇಜ್ ಮೂಲ ಚಾರ್ಜರಿನದಕ್ಕೆ ಸಮನಾಗಿರಬೇಕು. ಆಂಪಿಯರ್ ಹೆಚ್ಚಿದ್ದರೆ ಬಾಧೆಯಿಲ್ಲ. 90 ವಾಟಿನ ಚಾರ್ಜರ್ 65 ವಾಟಿನ ಲ್ಯಾಪ್‌ಟಾಪನ್ನು ಸುಟ್ಟುಬಿಡುತ್ತದೆಂಬ ಭಯ ಅನೇಕರಲ್ಲಿದೆ, ಅದು ನಿರಾಧಾರ. ಯಂತ್ರವು ತನಗೆ ಬೇಕಾದಷ್ಟು ವಿದ್ಯುತ್ತನ್ನು ಮಾತ್ರ ಸೆಳೆದುಕೊಳ್ಳುತ್ತದೆ. ತೊಂದರೆಯಿರುವುದು ಕಡಿಮೆ ವಾಟಿನಲ್ಲಿ. 65 ವಾಟ್ ಬೇಡುವ ಯಂತ್ರಕ್ಕೆ 45 ವಾಟ್ ಒದಗಿಸಿದರೆ ಬ್ಯಾಟರಿ ನಿಧಾನವಾಗಿ ತುಂಬುತ್ತದೆ. ಭಾರಿ ಕೆಲಸದ ಹೊತ್ತಿನಲ್ಲಿ ತಂತಿ ಜೋಡಿಸಿದ್ದರೂ ಬರಿದಾಗಬಹುದು. ಕೆಲವು ಯಂತ್ರಗಳು ತಮ್ಮ ವೇಗವನ್ನೇ ತಗ್ಗಿಸಿಕೊಳ್ಳುತ್ತವೆ. ಶಕ್ತಿಮೀರಿ ದುಡಿಯುವ ಚಾರ್ಜರ್ ಬಿಸಿಯಾಗುತ್ತದೆ. ಒಳ್ಳೆಯ ಚಾರ್ಜರ್ ತಾನಾಗಿಯೇ ನಿಂತೀತು. ರಕ್ಷಣಾ ವ್ಯವಸ್ಥೆಯಿಲ್ಲದ ಅಗ್ಗದ ಚಾರ್ಜರ್ ಹೊತ್ತಿಕೊಳ್ಳುವ ಅಪಾಯವಿದೆ. ಹಾಸಿಗೆಯ ಮೇಲೆ, ದಿಂಬಿನಡಿ ಇಟ್ಟರಂತೂ ಅಪಾಯ ಇನ್ನೂ ಹೆಚ್ಚು.

ಯುಎಸ್‌ಬಿ-ಸಿ ಕಿಂಡಿಯಿರುವ ಹೊಸ ಲ್ಯಾಪ್‌ಟಾಪುಗಳಲ್ಲಿ ವೋಲ್ಟೇಜಿನ ಚಿಂತೆ ಬಹುಮಟ್ಟಿಗೆ ತಪ್ಪಿದೆ. ‘ಪವರ್ ಡೆಲಿವರಿ’ ಪದ್ಧತಿಯಲ್ಲಿ ಚಾರ್ಜರು 5 ವೋಲ್ಟಿನಿಂದ ಆರಂಭಿಸಿ, ಯಂತ್ರದೊಡನೆ ಸಂಕೇತಗಳ ಮೂಲಕ ಒಪ್ಪಂದವಾದ ಬಳಿಕವೇ 9, 15 ಅಥವಾ 20 ವೋಲ್ಟಿಗೆ ಏರುತ್ತದೆ. 2021ರ ಪರಿಷ್ಕರಣೆಯ ತರುವಾಯ ಈ ಪದ್ಧತಿಯಲ್ಲಿ 240 ವಾಟಿನವರೆಗೆ ಅವಕಾಶವಿದೆ. ಆದರೆ ವಾಟಿನ ಲೆಕ್ಕ ಇಲ್ಲಿಯೂ ತಪ್ಪದು: ಮೊಬೈಲಿನ 18 ವಾಟಿನ ಚಾರ್ಜರನ್ನು ಹಲವು ಲ್ಯಾಪ್‌ಟಾಪುಗಳು ಸ್ವೀಕರಿಸುವುದೇ ಇಲ್ಲ. ಕೇಬಲನ್ನೂ ಗಮನಿಸಬೇಕು. ಸಾಧಾರಣ ಕೇಬಲಿನ ಮಿತಿ 3 ಆಂಪಿಯರ್, ಎಂದರೆ 20 ವೋಲ್ಟಿನಲ್ಲಿ 60 ವಾಟ್. 100 ವಾಟಿನ ಚಾರ್ಜರಿಗೆ ಅಂಥ ಕೇಬಲ್ ಜೋಡಿಸಿದರೆ ದೊರೆಯುವುದು 60 ವಾಟ್ ಮಾತ್ರ.

ಭಾರತದಲ್ಲಿ ಮಾರುವ ಇಂಥ ಚಾರ್ಜರುಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಚೀಟಿಯ ಮೇಲೆ ಬ್ಯೂರೋದ ಗುರುತಿನೊಡನೆ ‘ಆರ್’ ಅಕ್ಷರದಿಂದ ತೊಡಗುವ ಸಂಖ್ಯೆಯಿರುತ್ತದೆ. ಅದನ್ನು ಅಂಗಡಿಯಲ್ಲಿ ನಿಂತೇ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಪರಿಶೀಲಿಸಬಹುದು.